ಬಸ್ಸಿನ ಮೈ ಕಟ್ಟಿದವರು

ಹಾರೋಹಳ್ಳಿಯಿಂದ ಮರಳವಾಡಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಕಿವಿಗೊಟ್ಟರೆ ಎರಡು ಬಗೆಯ ಸದ್ದು ಕೇಳುತ್ತದೆ. ಎಂಜಿನ್ನಿನದು ಒಂದು. ಕಿಟಕಿಯ ಗಾಜು, ಬಾಗಿಲಿನ ಚಿಲಕ, ತಲೆಯ ಮೇಲಿನ ತಗಡು ಎಲ್ಲ ಕೂಡಿ ಎಬ್ಬಿಸುವ ಗಡಗಡ ಸದ್ದು ಇನ್ನೊಂದು. ಒಂದು ಬದಿಯ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಈ ಎರಡನೆಯ ಸದ್ದು ಜೋರಾಗುತ್ತದೆ. ಎರಡೂ ಬದಿಯ ಚಕ್ರಗಳು ಒಟ್ಟಿಗೆ ರಸ್ತೆಯುಬ್ಬನ್ನು ಹತ್ತಿ ಇಳಿದಾಗ ಅಷ್ಟಿರುವುದಿಲ್ಲ. ಏಕೆ? ಒಂದು ಚಕ್ರ ಇಳಿದರೆ ಬಸ್ಸಿನ ಅಡಿಗಟ್ಟು ತಿರುಚಿಕೊಳ್ಳುತ್ತದೆ. ಅದರ ಮೇಲೆ ಕೂರಿಸಿದ ಪೆಟ್ಟಿಗೆಗೆ ಅಷ್ಟೇ ಸುಲಭವಾಗಿ ತಿರುಚಿಕೊಳ್ಳಲು ಬಾರದು. ಎರಡರ ನಡುವಿನ ಈ ಜಗಳವೇ ನಮಗೆ ಕೇಳುವ ಸದ್ದು.

ಅಡಿಗಟ್ಟು ಎಂದರೆ ಚಾಸಿಸ್, ಪೆಟ್ಟಿಗೆ ಎಂದರೆ ಬಾಡಿ. ನಮ್ಮ ದೇಶದಲ್ಲಿ ಬಹುಕಾಲ ಇವೆರಡನ್ನು ಮಾಡುವವರು ಬೇರೆ ಬೇರೆಯಾಗಿದ್ದರು. ಇಂದಿಗೂ ಅನೇಕ ಬಸ್ಸುಗಳ ಕಥೆ ಅದೇ. ಹೊಸೂರು ರಸ್ತೆಯಲ್ಲಿ ಓಡಾಡುವವರು ಒಂದು ದೃಶ್ಯವನ್ನು ನೋಡಿಯೇ ಇರುತ್ತಾರೆ: ಎಂಜಿನ್, ಚಕ್ರ, ಉದ್ದನೆಯ ಎರಡು ಉಕ್ಕಿನ ತೊಲೆ, ಸ್ಟೀರಿಂಗ್. ಅದರ ಹಿಂದೆ ತಾತ್ಕಾಲಿಕ ಆಸನದ ಮೇಲೆ ಗಾಳಿಗೆ ಮುಖವೊಡ್ಡಿ ಕುಳಿತ ಚಾಲಕ. ಮಾಡು ಇಲ್ಲ, ಗೋಡೆ ಇಲ್ಲ. ಈ ಅಸ್ಥಿಪಂಜರ ಕಾರ್ಖಾನೆಯಿಂದ ಹೊರಟು ಬಾಡಿ ಕಟ್ಟುವವರ ಶೆಡ್ಡಿಗೆ ಹೋಗುತ್ತಿದೆ. ಮನೆ ಕಟ್ಟಿಸುವಂತೆಯೇ ನಮ್ಮಲ್ಲಿ ‘ಬಾಡಿ ಕಟ್ಟಿಸುವುದು’ ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಆದರೆ ಮನೆಯ ಗೋಡೆ ಮಾಡಿನ ಭಾರವನ್ನು ಹೊರುತ್ತದೆ. ಬಸ್ಸಿನ ಗೋಡೆ ಏನನ್ನು ಹೊರಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಸಿಕ್ಕ ಉತ್ತರಗಳೇ ಬಸ್ ಬಾಡಿಯ ಚರಿತ್ರೆ. ಅದರಲ್ಲಿ ಲಂಡನ್ನಿನ ಒಂದು ಕಂಪನಿಯೂ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯೂ ಒಂದೇ ಪಾಠ ಕಲಿತ ಪ್ರಸಂಗವಿದೆ.

ಮೊದಲ ಬಾಡಿಗಳು ಕುದುರೆ ಸಾರೋಟಿನ ಬಡಗಿಗಳು ಕಟ್ಟಿದವು. ಇಂಗ್ಲೆಂಡಿನಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಥ ಕಂಪನಿಗಳು ಹಲವು ಹುಟ್ಟಿಕೊಂಡವು. 1919ರಲ್ಲಿ ಹರ್ಬರ್ಟ್ ವೈಟ್ ಎಂಬಾತ ಲಂಡನ್ನಿನ ಹಾರ್ನ್‌ಸಿಯಲ್ಲಿ ಆರಂಭಿಸಿದ ಡ್ಯೂಪಲ್ ಅವುಗಳಲ್ಲೊಂದು. ವಾರದ ದಿನ ಸರಕಿನ ವ್ಯಾನು, ರಜೆಯಲ್ಲಿ ಕುಟುಂಬದ ಕಾರು, ಹೀಗೆ ಒಂದೇ ವಾಹನ ಎರಡು ಕೆಲಸಕ್ಕೆ ಒದಗುವ ಬಾಡಿ ಎಂಬುದರಿಂದ ಆ ಹೆಸರು. ಲೀಡ್ಸ್ ನಗರದ ಚಾರ್ಲ್ಸ್ ರೋ ಕಂಪನಿ ತೇಗದ ಚೌಕಟ್ಟಿಗೆ ಹೆಸರಾಗಿತ್ತು; 1960ರ ದಶಕದವರೆಗೂ ಅದು ತೇಗವನ್ನು ಬಿಡಲಿಲ್ಲ. ತೇಗ ಇಂಗ್ಲೆಂಡಿನಲ್ಲಿ ಬೆಳೆಯುವ ಮರವಲ್ಲ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಿಲ್ಲ.

ಮರದ ಚೌಕಟ್ಟಿನ ತೊಂದರೆ ಮರದಲ್ಲಿಲ್ಲ, ಕೀಲುಗಳಲ್ಲಿದೆ. ಚಾಸಿಸ್ ತಿರುಚಿಕೊಂಡಾಗಲೆಲ್ಲ ಕೀಲು ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳುತ್ತದೆ. ಸಡಿಲಾದ ಕೀಲು ಉಜ್ಜಿ ಸವೆಯುತ್ತದೆ. 1920ರ ದಶಕದಲ್ಲಿ ಚಾರ್ಲ್ಸ್ ವೇಮನ್ ಎಂಬ ವಿಮಾನ ಚಾಲಕ ಇದಕ್ಕೊಂದು ಜಾಣತನದ ಪರಿಹಾರ ಹುಡುಕಿದ. ಮರದ ತುಂಡುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಕಿರಿದಾದ ಸಂದು ಬಿಟ್ಟು ಉಕ್ಕಿನ ಪಟ್ಟಿಗಳಿಂದ ಜೋಡಿಸಿ, ಹೊರಗೆ ತಗಡಿನ ಬದಲು ಬಟ್ಟೆ ಹೊದಿಸಿದ. ಅಂದಿನ ವಿಮಾನಗಳ ರೆಕ್ಕೆಯೂ ಹಾಗೆಯೇ ಇರುತ್ತಿತ್ತು. ಚಾಸಿಸ್ ಹೇಗೆ ಬಳುಕಿದರೆ ಬಾಡಿಯೂ ಹಾಗೆ ಬಳುಕುತ್ತದೆ, ಜಗಳವೇ ಇಲ್ಲ. ಸದ್ದು ಅಡಗಿತು. ಆದರೆ ಗೋಡೆ ಬರೀ ಪರದೆಯಾಯಿತು. ಅಪಘಾತವಾದರೆ ಪರದೆ ಯಾರನ್ನು ಕಾಪಾಡೀತು? 1930ರ ದಶಕದಲ್ಲಿ ವೇಮನ್‌ನ ಹೆಸರಿನ ಇಂಗ್ಲಿಷ್ ಕಂಪನಿಯೇ ಬಟ್ಟೆಯನ್ನು ಬಿಟ್ಟು ಲೋಹದ ಚೌಕಟ್ಟಿಗೆ ಬಂದಿತು.

ಲಂಡನ್ನಿನ ವಾಯವ್ಯಕ್ಕಿರುವ ಪಾರ್ಕ್ ರಾಯಲ್ ಎಂಬ ಕೈಗಾರಿಕಾ ಪ್ರದೇಶದಲ್ಲಿ 1930ರಿಂದ ಅದೇ ಹೆಸರಿನ ಕಂಪನಿಯೊಂದು ಬಸ್ ಬಾಡಿ ಕಟ್ಟುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟನ್ನಿಗೆ ಬಸ್ಸಿಗಿಂತ ಬಾಂಬರ್ ವಿಮಾನಗಳು ಬೇಕಾದವು. ಲಂಡನ್ ಸಾರಿಗೆ ಸಂಸ್ಥೆ, ಪಾರ್ಕ್ ರಾಯಲ್, ಡ್ಯೂಪಲ್ ಮತ್ತಿತರ ಸಂಸ್ಥೆಗಳನ್ನು ಒಂದು ಗುಂಪಾಗಿ ಸೇರಿಸಿ ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳ ಕೆಲಸ ವಹಿಸಲಾಯಿತು. ಆ ಗುಂಪು 1941ರಿಂದ 1945ರೊಳಗೆ 710 ವಿಮಾನಗಳನ್ನು ಮಾಡಿ ಮುಗಿಸಿತು. ಬಸ್ ಬಾಡಿಯ ಕೆಲಸಗಾರರು ತೆಳುವಾದ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳಿಗೆ ಸಾವಿರಾರು ರಿವೆಟ್ ಹೊಡೆಯುವುದನ್ನು ಕಲಿತರು. ಅದಕ್ಕಿಂತ ಮುಖ್ಯವಾಗಿ, ವಿಮಾನದಲ್ಲಿ ಚಾಸಿಸ್ ಎಂಬುದೇ ಇಲ್ಲ ಎಂಬುದನ್ನು ಕಂಡರು. ಅದರ ಚರ್ಮವೇ ಭಾರ ಹೊರುತ್ತದೆ.

ಯುದ್ಧ ಮುಗಿದ ಮೇಲೆ ಲಂಡನ್ ಸಾರಿಗೆ ಸಂಸ್ಥೆಯ ಎಂಜಿನಿಯರ್ ಎ. ಎ. ಎಂ. ಡ್ಯುರಂಟ್ ಅವರ ತಂಡ ಈ ಪಾಠವನ್ನು ಎರಡಂತಸ್ತಿನ ಬಸ್ಸಿಗೆ ಅನ್ವಯಿಸಿತು. ಪ್ರತ್ಯೇಕ ಚಾಸಿಸ್ ಇಲ್ಲದ, ಅಲ್ಯೂಮಿನಿಯಂ ಬಾಡಿಯೇ ಭಾರ ಹೊರುವ ರೂಟ್‌ಮಾಸ್ಟರ್ ಬಸ್ಸು 1954ರಲ್ಲಿ ಪ್ರದರ್ಶನಗೊಂಡು 1956ರ ಫೆಬ್ರವರಿಯಲ್ಲಿ ರಸ್ತೆಗೆ ಬಂದಿತು. ಹಿಂದಿನ ಮಾದರಿಯಲ್ಲಿ 56 ಆಸನಗಳಿದ್ದರೆ ಇದರಲ್ಲಿ 64. ತೂಕ ಮಾತ್ರ ಹೆಚ್ಚಲಿಲ್ಲ. 1968ರವರೆಗೆ 2,876 ರೂಟ್‌ಮಾಸ್ಟರ್‌ಗಳು ತಯಾರಾದವು, ಬಹುಪಾಲು ಪಾರ್ಕ್ ರಾಯಲ್‌ನಲ್ಲಿಯೇ. ನಿತ್ಯದ ಸಂಚಾರದಿಂದ ಅವು ನಿವೃತ್ತವಾದದ್ದು 2005ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಅವನ್ನು ಕಟ್ಟಿದ ಕಂಪನಿ ಮುಚ್ಚಿ 25 ವರ್ಷಗಳಾಗಿದ್ದವು. ಕಂಪನಿಗಿಂತ ಅದು ಮಾಡಿದ ಬಸ್ಸು ಹೆಚ್ಚು ಕಾಲ ಬಾಳಿತು.

ಇದರ ಹಿಂದಿರುವ ಭೌತಶಾಸ್ತ್ರವನ್ನು ತರಗತಿಯಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು. ಒಂದು ಚಪ್ಪಲಿ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡು ತುದಿಗಳನ್ನು ಹಿಡಿದು ಒದ್ದೆಬಟ್ಟೆ ಹಿಂಡುವಂತೆ ತಿರುಚಿ, ಸಲೀಸಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳ ಹಾಕಿ ಅಂಚಿನ ಸುತ್ತ ಅಂಟುಪಟ್ಟಿ ಬಿಗಿದು ಮತ್ತೆ ಪ್ರಯತ್ನಿಸಿ. ರಟ್ಟು ಅದೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಡಬ್ಬ ಮಾತ್ರ ಜಗ್ಗುವುದಿಲ್ಲ. ಮುಂದೆ ಬದಿಗಳಲ್ಲಿ ಕಿಟಕಿಗಳನ್ನು ಕತ್ತರಿಸುತ್ತ ಬನ್ನಿ. ಚಿಕ್ಕ ಕಿಟಕಿಗಳಿಂದ ಅಷ್ಟೇನೂ ವ್ಯತ್ಯಾಸವಾಗದು. ಒಂದು ಮೂಲೆಯವರೆಗೆ ದೊಡ್ಡ ಬಾಗಿಲು ಕತ್ತರಿಸಿದಿರೋ, ಡಬ್ಬ ಮತ್ತೆ ಮೊದಲಿನಂತೆ ಸಡಿಲ. ಬಸ್ ವಿನ್ಯಾಸಕಾರರು ಬಾಗಿಲಿನ ಸುತ್ತ ಏಕೆ ಅಷ್ಟು ತಲೆಕೆಡಿಸಿಕೊಳ್ಳುತ್ತಾರೆ ಎಂಬುದು ವಿದ್ಯಾರ್ಥಿಗಳಿಗೆ ಇದರಿಂದ ತಾನಾಗಿಯೇ ತಿಳಿಯುತ್ತದೆ.

ಮುಚ್ಚಿದ ಕೊಳವೆಗೂ ಉದ್ದಕ್ಕೆ ಸೀಳಿದ ಕೊಳವೆಗೂ ಇರುವ ಅಂತರ ನಂಬಲು ಕಷ್ಟವಾಗುವಷ್ಟು ದೊಡ್ಡದು. 5 ಸೆಂಟಿಮೀಟರ್ ತ್ರಿಜ್ಯ, 2 ಮಿಲಿಮೀಟರ್ ದಪ್ಪದ ಕೊಳವೆಯನ್ನು ಪರಿಗಣಿಸಿ. ತಿರುಚುವಿಕೆಗೆ ಅದು ಒಡ್ಡುವ ಪ್ರತಿರೋಧ, ಸೀಳಿದ ಕೊಳವೆಯ ಪ್ರತಿರೋಧಕ್ಕಿಂತ 3 × (50/2)² ಪಟ್ಟು, ಅಂದರೆ ಸುಮಾರು 1,900 ಪಟ್ಟು ಹೆಚ್ಚು. ಏಣಿಯಾಕಾರದ ಚಾಸಿಸ್ಸಿನ ತೊಲೆಗಳು ತೆರೆದ ಆಕಾರದವು. ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಳ್ಳಕೊಳ್ಳದ ದಾರಿಯಲ್ಲಿ ಚಾಸಿಸ್ ಬಳುಕಿದರೆ ನಾಲ್ಕೂ ಮೂಲೆಯ ಚಕ್ರಗಳು ನೆಲ ಬಿಡುವುದಿಲ್ಲ.

ಬಾಗುವಿಕೆಯ ಲೆಕ್ಕವೂ ಇದೆ. ಮೇಲೊಂದು ಕೆಳಗೊಂದು ಪಟ್ಟಿ ಇರುವ ತೊಲೆಯ ಬಿಗಿತ ಆ ಪಟ್ಟಿಗಳ ನಡುವಿನ ಅಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಚಾಸಿಸ್ ತೊಲೆಯ ಎತ್ತರ 25 ಸೆಂಟಿಮೀಟರ್ ಎಂದುಕೊಳ್ಳಿ. ನೆಲದಿಂದ ಕಿಟಕಿಯ ಕೆಳಗಿನವರೆಗಿನ ಬಾಡಿಯ ಗೋಡೆ 75 ಸೆಂಟಿಮೀಟರ್. ಅಷ್ಟೇ ಲೋಹ ಬಳಸಿದರೂ ಗೋಡೆ ಒಂಬತ್ತು ಪಟ್ಟು ಬಿಗಿ. ಇನ್ನು ಅಲ್ಯೂಮಿನಿಯಂ ಏಕೆ? ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋಗ್ರಾಂ, ಅಲ್ಯೂಮಿನಿಯಂನದು 2,700. ಯಂಗ್ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70. ಎಳೆತದಲ್ಲಿ ತೂಕಕ್ಕೆ ತೂಕ ಹೋಲಿಸಿದರೆ ಎರಡೂ ಸಮ. ಆದರೆ ಅಷ್ಟೇ ತೂಕಕ್ಕೆ ಅಲ್ಯೂಮಿನಿಯಂ ಹಾಳೆ 2.9 ಪಟ್ಟು ದಪ್ಪ ಬರುತ್ತದೆ. ಹಾಳೆ ಬಾಗದಂತೆ ತಡೆಯುವ ಗುಣ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ ಒಟ್ಟು ಲಾಭ ಸುಮಾರು ಎಂಟೂವರೆ ಪಟ್ಟು. ತೆಳು ಹಾಳೆ ಸುಕ್ಕುಗಟ್ಟುವುದೇ ವಿಮಾನದ ದೊಡ್ಡ ಶತ್ರು. ಬಸ್ಸಿನ ಗೋಡೆಗೂ ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಹಳೆಯ ಮೈಸೂರು ಸಂಸ್ಥಾನದಲ್ಲಿ ಊರೂರಿಗೆ ಓಡುತ್ತಿದ್ದ ಖಾಸಗಿ ಬಸ್ಸುಗಳ ಬಾಡಿ ಮರದ್ದು. ಕಟ್ಟುತ್ತಿದ್ದವರು ಸ್ಥಳೀಯ ಬಡಗಿಗಳು ಮತ್ತು ಕಮ್ಮಾರರು. ಎರಡನೆಯ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ ಇವುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಒಲೆಯನ್ನೂ ಕಟ್ಟಿದರು. ಹಿರಿಯರು ‘ಇದ್ದಿಲು ಬಸ್ಸು’ ಎಂದು ನೆನೆಯುತ್ತಿದ್ದದ್ದು ಇದನ್ನೇ. ಮರದ ಬಾಡಿಯ ಹಿಂದೆ ಕೆಂಡದ ಒಲೆ! ಇಂದಿನ ಯಾವ ಸಾರಿಗೆ ಅಧಿಕಾರಿಯೂ ಅದಕ್ಕೆ ಅನುಮತಿ ಕೊಡಲಾರರು.

ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಯುದ್ಧಕಾಲದಲ್ಲಿ ಅದು ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿಯುತ್ತಲೇ ಕೆಲಸವೂ ಮುಗಿಯಿತು. ರಿವೆಟ್ ಹೊಡೆಯಲು, ಹಾಳೆ ಬಗ್ಗಿಸಲು ಕಲಿತ ಸಾವಿರಾರು ಕೈಗಳನ್ನು ಏನು ಮಾಡುವುದು? ಲಂಡನ್ನಿನಲ್ಲಿ ಬಸ್ಸಿನವರು ವಿಮಾನದ ಕೆಲಸ ಕಲಿತರೆ ಇಲ್ಲಿ ವಿಮಾನದವರು ಬಸ್ಸಿನ ಕೆಲಸಕ್ಕೆ ಇಳಿದರು. ಕಾರ್ಖಾನೆ ಪೂರ್ಣ ಲೋಹದ ರೈಲ್ವೆ ಬೋಗಿಗಳನ್ನೂ ಬಸ್ ಬಾಡಿಗಳನ್ನೂ ಕಟ್ಟಿತು. ಅದೇ ಆವರಣದಲ್ಲಿ, ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತು ಬಂದಿದ್ದ ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಪೂರ್ಣ ಲೋಹದ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಹಾರಿತು. ವಿಮಾನದ ಕೆಲಸ ಕೂಡಿಬಂದ ಮೇಲೆ ಬಸ್ಸು ಹಿಂದೆ ಸರಿಯಿತು. ರೈಲ್ವೆ ಬೋಗಿಯ ವಿಭಾಗ 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಸೇರಿತು. ಮುಂದೆ ನಮ್ಮ ಮೆಟ್ರೊ ಬೋಗಿಗಳವರೆಗೂ ಆ ಪರಂಪರೆ ಬೆಳೆಯಿತು. ರೈಲು ಬೋಗಿಯಲ್ಲಿ ಗೋಡೆ ಭಾರ ಹೊರುವುದು ವಾಡಿಕೆಯಾಯಿತು. ಬಸ್ಸಿನಲ್ಲಿ ಆಗಲಿಲ್ಲ.

ಏಕೆ ಆಗಲಿಲ್ಲ? ಕೌಶಲದ ಕೊರತೆ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು. ಈ ನಡುವೆ ಮದ್ರಾಸಿನಲ್ಲಿ ಅಶೋಕ್ ಲೇಲ್ಯಾಂಡ್, ಜಮ್ಷೆಡ್‌ಪುರದಲ್ಲಿ ಟಾಟಾ, ಎರಡೂ ಚಾಸಿಸ್ ಮಾರುವ ಕಂಪನಿಗಳಾಗಿ ಬೆಳೆದವು. ಒಂದೇ ಚಾಸಿಸ್ ಲಾರಿಗೂ ಆದೀತು, ಬಸ್ಸಿಗೂ ಆದೀತು. ಬಾಡಿ ಅವರ ಚಿಂತೆಯಲ್ಲ. ಕೊಂಡವರು ಕೆಂಗೇರಿಯಲ್ಲೋ ಹಾಸನದಲ್ಲೋ ಇರುವ ತಮ್ಮ ಕಾರ್ಯಾಗಾರದಲ್ಲಿ ಬಾಡಿ ಕಟ್ಟಿಕೊಂಡರು, ಇಲ್ಲವೇ ಖಾಸಗಿಯವರಿಗೆ ಕೊಟ್ಟರು. ಇದರಲ್ಲಿ ಅನುಕೂಲವೂ ಇತ್ತು. ಉಕ್ಕಿನ ಕಂಬ ಬಾಗಿದರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲಾದರೂ ಸರಿಮಾಡಬಹುದು; ಭಾರ ಹೊರುವ ಅಲ್ಯೂಮಿನಿಯಂ ಗೋಡೆಗೆ ಆ ಮಾತು ಅನ್ವಯಿಸದು. ಕನಕಪುರದ ಗುಡ್ಡಗಾಡಿನ ದಾರಿಗಳಿಗೆ ಬಳುಕುವ ಚಾಸಿಸ್ಸೇ ಒಗ್ಗುತ್ತಿತ್ತು. ಇವನ್ನೆಲ್ಲ ಒಪ್ಪೋಣ. ಆದರೆ ಈ ಏರ್ಪಾಡಿನಲ್ಲಿ ಒಂದು ಪ್ರಶ್ನೆಗೆ ವಾರಸುದಾರರೇ ಇಲ್ಲವಾದರು: ಬಸ್ಸು ಮಗುಚಿದರೆ ಮಾಡು ಕುಸಿಯದಂತೆ ನೋಡಿಕೊಳ್ಳುವವರು ಯಾರು? ಚಾಸಿಸ್ಸಿನವರು ಬಾಡಿ ತಮ್ಮದಲ್ಲ ಎಂದರು. ಬಾಡಿಯವರು ಭಾರ ಹೊರುವುದು ಚಾಸಿಸ್ ಎಂದರು.

ಮಗುಚುವ ಬಸ್ಸಿನ ಲೆಕ್ಕ ಮಾಡಿ ನೋಡಿ. 12 ಟನ್ ತೂಕದ ಬಸ್ಸಿನ ಗುರುತ್ವ ಕೇಂದ್ರ ಉರುಳುವಾಗ 1 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ ಸುಮಾರು 1.2 ಲಕ್ಷ ಜೂಲ್. ಅದರ ಬಹುಪಾಲನ್ನು ಹೀರಿಕೊಳ್ಳಬೇಕಾದದ್ದು ಕಿಟಕಿಗಳ ನಡುವಿನ ಕಂಬಗಳು. ಅವು ಮುರಿಯದೆ ಬಾಗಬೇಕು. ಬಾಗಿದರೂ ಪ್ರಯಾಣಿಕರ ತಲೆಯವರೆಗೆ ಬರಬಾರದು. ಬರೀ ಗಡಸು ಲೋಹ ಸಾಲದು, ನಮ್ಯತೆಯೂ ಬೇಕು.

ಮೂಟೆಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಹಳ್ಳಿ ದಾರಿಯ ಬಸ್ಸುಗಳ ಮಾಡಿನ ಮೇಲೆ ಕ್ಯಾರಿಯರ್, ಹತ್ತಲು ಹಿಂದೊಂದು ಏಣಿ. ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಚೀಲ ನೋಡಲು ದೊಡ್ಡದು, ತೂಕ ಕಡಿಮೆ. ರಾಗಿ ಮೂಟೆ, ತೆಂಗಿನಕಾಯಿ ಹಾಗಲ್ಲ. ಚಕ್ರಗಳ ಹೊರ ಅಂಚುಗಳ ನಡುವೆ 2 ಮೀಟರ್ ಅಂತರ, ಗುರುತ್ವ ಕೇಂದ್ರ 1.1 ಮೀಟರ್ ಎತ್ತರದಲ್ಲಿರುವ 12 ಟನ್ ಬಸ್ಸು ಸುಮಾರು 42 ಡಿಗ್ರಿ ವಾಲುವವರೆಗೆ ಉರುಳದು. ಮಾಡಿನ ಮೇಲೆ, ನೆಲದಿಂದ 3.2 ಮೀಟರ್ ಎತ್ತರದಲ್ಲಿ, ಒಂದು ಟನ್ ಹೇರಿದರೆ ಗುರುತ್ವ ಕೇಂದ್ರ 1.26 ಮೀಟರಿಗೆ ಏರಿ ಆ ಕೋನ 38 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗುಗಳ ವಾಲಾಟ ಸೇರಿದರೆ ಇನ್ನೂ ಕಡಿಮೆ. ಉರುಳಿದ ಮೇಲೆ ಕಂಬಗಳು ಹೀರಬೇಕಾದ ಶಕ್ತಿಯೂ ಅಷ್ಟು ಹೆಚ್ಚು. ಬ್ರಿಟನ್ನಿನಲ್ಲಿ ಮೇಲಂತಸ್ತನ್ನು ಪೂರ್ಣ ತುಂಬಿದ ಎರಡಂತಸ್ತಿನ ಬಸ್ಸು 28 ಡಿಗ್ರಿ ವಾಲಿದರೂ ಉರುಳಬಾರದೆಂಬ ನಿಯಮವಿದೆ. ಒಂದಂತಸ್ತಿನದಕ್ಕೆ 35 ಡಿಗ್ರಿ.

ಕಂಬಗಳ ಬಲವನ್ನು ಅಳೆಯುವ ನಿಯಮ ಬಂದದ್ದು ತಡವಾಗಿ. ಯುರೋಪಿನ 66ನೇ ನಿಯಮ 1980ರ ದಶಕದ್ದು: ಬಸ್ಸನ್ನು ವಾಲುವ ವೇದಿಕೆಯ ಮೇಲೆ ನಿಲ್ಲಿಸಿ, ನಿಧಾನವಾಗಿ ವಾಲಿಸಿ, 800 ಮಿಲಿಮೀಟರ್ ಆಳದ ಕಾಂಕ್ರೀಟ್ ನೆಲಕ್ಕೆ ಉರುಳಿಸುತ್ತಾರೆ. ಒಳಗೆ ಪ್ರಯಾಣಿಕರಿಗೆಂದು ಗುರುತಿಸಿದ ಜಾಗಕ್ಕೆ ಯಾವ ಭಾಗವೂ ನುಗ್ಗಕೂಡದು. ಭಾರತದಲ್ಲಿ ಬಸ್ ಬಾಡಿಯ ಸಂಹಿತೆ, ಎಐಎಸ್-052, 2001ರಲ್ಲಿ ರೂಪುಗೊಂಡಿತು. ಸಣ್ಣ ಪುಟ್ಟ ಶೆಡ್ಡುಗಳವರೆಗೆ ಅದು ಕಡ್ಡಾಯವಾಗಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದು ದೇಶದ ಬಸ್ಸುಗಳೆಲ್ಲ ನೂರಾರು ಶೆಡ್ಡುಗಳಲ್ಲಿ ಹುಟ್ಟುವಾಗ ಇದು ಆಶ್ಚರ್ಯವಲ್ಲ. ಆದರೆ ಆ ವರ್ಷಗಳಿಗೆ ಪ್ರಯಾಣಿಕರು ತೆತ್ತ ಬೆಲೆ ದೊಡ್ಡದು.

2001ರಲ್ಲಿ ವೋಲ್ವೊ ಬಸ್ಸು ಬಂದ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. ಬೆಂಗಳೂರಿನ ಹಳೆಯ ಬಾಡಿ ತಯಾರಕರಾದ ಆಜಾದ್ ಸಂಸ್ಥೆಯೊಂದಿಗೆ ಕೂಡಿ ಆ ಕಂಪನಿ ಹೊಸಕೋಟೆಯಲ್ಲಿ ಬಸ್ ಕಾರ್ಖಾನೆ ತೆರೆಯಿತು. ಚಾಸಿಸ್ಸಿಗೂ ಬಾಡಿಗೂ ಒಂದೇ ಹೊಣೆ. ಬಾಡಿ ಬಿಗಿಯಾಯಿತು, ಗಡಗಡ ನಿಂತಿತು. ಆದರೆ ಹವಾನಿಯಂತ್ರಣಕ್ಕಾಗಿ ಮುಚ್ಚಿದ ಗಾಜುಗಳು ಬೇರೊಂದು ಸಮಸ್ಯೆ ತಂದವು. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ತಾಗಿ ಹೊತ್ತಿಕೊಂಡಿತು. 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಮಲಗುವ ಬಸ್ಸು ಕರ್ನೂಲಿನ ಬಳಿ ಸುಟ್ಟುಹೋಗಿ ಸುಮಾರು 20 ಮಂದಿ ಸತ್ತರು. ಎರಡರಲ್ಲಿಯೂ ಮಾಡು ಕುಸಿದದ್ದು ಕಾರಣವಲ್ಲ. ಬೆಂಕಿ ಹಬ್ಬುವ ವೇಗಕ್ಕೂ ಜನ ಹೊರಬರುವ ವೇಗಕ್ಕೂ ನಡುವಿನ ಅಂತರ ಕಾರಣ. ತುರ್ತು ಬಾಗಿಲು ಎಲ್ಲಿ, ಒಳಗಿನ ಹೊದಿಕೆ ಎಷ್ಟು ಬೇಗ ಉರಿಯುತ್ತದೆ, ಮಲಗುವ ಬರ್ತುಗಳ ನಡುವಿನ ದಾರಿ ಎಷ್ಟು ಅಗಲ, ಇವೆಲ್ಲ ಬಾಡಿ ಕಟ್ಟುವವರ ಕೈಯಲ್ಲಿರುವ ನಿರ್ಧಾರಗಳೇ.

2022ರಿಂದೀಚೆಗೆ ಕೆಎಸ್‌ಆರ್‌ಟಿಸಿ ತನ್ನ ಕಾರ್ಯಾಗಾರಗಳಲ್ಲಿ ಹಳೆಯ ಬಸ್ಸುಗಳ ಪುನಶ್ಚೇತನ ಕೈಗೊಂಡಿತು. ಲಕ್ಷಾಂತರ ಕಿಲೋಮೀಟರ್ ಓಡಿದ ಬಸ್ಸಿನ ಚಾಸಿಸ್ ಇನ್ನೂ ಗಟ್ಟಿಯಿರುತ್ತದೆ, ಬಾಡಿ ಸೋತಿರುತ್ತದೆ. ಚಾಸಿಸ್ಸನ್ನೂ ಬಾಡಿಯನ್ನೂ ಬೇರೆ ಬೇರೆಯಾಗಿ ಮಾಡಿದ ಹಳೆಯ ಪದ್ಧತಿ ಇಲ್ಲಿ ಉಪಕಾರಕ್ಕೆ ಬಂದಿತು. ತಗಡು ಬಿಚ್ಚಿದಾಗ ಇಂಥ ಬಾಡಿಯಲ್ಲಿ ಮೊದಲು ನೋಡಬೇಕಾದ ಜಾಗ ಕಿಟಕಿ ಕಂಬಗಳ ಬುಡ. ಮಳೆಯ ನೀರು, ಚಕ್ರ ಸಿಡಿಸಿದ ಕೆಸರು ಸೇರಿ ನಿಲ್ಲುವುದು ಅಲ್ಲಿ, ತುಕ್ಕು ಮೊದಲು ಹಿಡಿಯುವುದೂ ಅಲ್ಲಿ. ಬಸ್ಸು ಉರುಳಿದರೆ ಕಂಬ ಬಾಗಿ ಶಕ್ತಿಯನ್ನು ಹೀರಬೇಕಾದದ್ದೂ ಆ ಬುಡದಲ್ಲಿಯೇ. ಮೇಲೆ ಎಷ್ಟೇ ಚೆಂದದ ಬಣ್ಣ ಬಳಿದಿದ್ದರೂ ಪ್ರಯಾಣಿಕರಿಗೆ ಆ ಜಾಗ ಕಾಣುವುದಿಲ್ಲ.